ಹೆಚ್ಚಿಗೆ ಬಂದ ಐವತ್ತು ಮತ

ಸಹೃದಯ ವಾಚಕ ಮಹಾಶಯರೇ, ಜನಪ್ರತಿನಿಧಿಯೊಬ್ಬರ ಮರಣದಿಂದ ತೆರವಾದ ಶಾಸನಸಭೆಯ ಸ್ಥಾನವೊಂದಕ್ಕೆ ಮರಳಿ ಚುನಾವಣೆ ನಡೆಯುವಾಗ ಗೆದ್ದವರು ಯಾರು, ಸೋತವರು ಯಾರು ಎಂದು ತಿಳಿಯುವ ಕುತೂಹಲ ತಮಗುಂಟಾದರೆ ಅದು ಸಹಜವೇ ಸರಿ. ಆದರೆ ಆ ಕುತೂಹಲವನ್ನು ತಣಿಸುವ ಸಾಮರ್ಥ್ಯ ಈ ಬರಹಕ್ಕೆ ಇಲ್ಲವೆಂಬುದನ್ನು ಮೊದಲಿಗೇ ಅರಿಕೆ ಮಾಡಿಕೊಳ್ಳುವುದು ಪ್ರಾಮಾಣಿಕವಾದೀತು. ಗೆಲ್ಲುವವರೂ ಸೋಲುವವರೂ ಇಲ್ಲಿ ಹಾಜರಿಲ್ಲ. ಬ್ಯಾಕೋಡಿನಿಂದ ಆಚೆ, ಹಿನ್ನೀರಿನ ಅಂಚಿಗಿರುವ ಸರ್ಕಾರಿ ಪ್ರಾಥಮಿಕ ಶಾಲೆಯೊಂದರ ಐದನೆಯ ತರಗತಿಯ ಕೋಣೆ, ಆ ಕೋಣೆಗೆ ಒಂದು ಹಗಲಿನ ಮಟ್ಟಿಗೆ ಅಧಿಪತಿಯಾಗಿ ಕೂತ ಒಬ್ಬ ಮನುಷ್ಯ, ಅವನ ಮನಸ್ಸು, ಇಷ್ಟನ್ನು ಮಾತ್ರ ತಮ್ಮ ಮುಂದೆ ಇಡಬಹುದಾಗಿದೆ. ತಾವು ಸಮ್ಮತಿಸುವುದಾದರೆ ಬೆಳಗಿನ ಐದು ಗಂಟೆಯಿಂದ ಆರಂಭಿಸೋಣ.

ಐದಕ್ಕೆ ಮೊದಲೇ ಯೋಗರಾಜನಿಗೆ ಎಚ್ಚರವಾಗಿತ್ತು. ಎರಡು ಬೆಂಚುಗಳನ್ನು ಜೋಡಿಸಿ ಮಲಗಿದ್ದ ಅವನ ಬಲಗೈ ಇರುಳಿಡೀ ಮತಯಂತ್ರದ ಪೆಟ್ಟಿಗೆಯ ಮೇಲೆಯೇ ಇತ್ತು. ಹಾಗೆ ಇಡಬೇಕೆಂದು ಯಾವ ಕೈಪಿಡಿಯೂ ಹೇಳಿರಲಿಲ್ಲ. ತಣ್ಣೀರಿನಲ್ಲಿ ಗಡ್ಡ ಹೆರೆದುಕೊಂಡು, ಹಿಂದಿನ ದಿನವೇ ಇಸ್ತ್ರಿ ಮಾಡಿಸಿ ತಂದಿದ್ದ ಬಿಳಿ ಅಂಗಿ ತೊಟ್ಟು, ಮಂಜು ತುಂಬಿದ ಶಾಲೆಯ ಅಂಗಳದಲ್ಲಿ ನಿಂತಾಗ ಅವನಿಗೆ ಪ್ರತಿ ಚುನಾವಣೆಯ ಬೆಳಿಗ್ಗೆ ಆಗುವ ಹಾಗೆಯೇ ಎದೆ ತುಸು ಅಗಲವಾಯಿತು. ತೀರ್ಥಹಳ್ಳಿಯ ಪ್ರೌಢಶಾಲೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಗಣಿತ ಹೇಳುತ್ತಿರುವ ಅವನು ಹದಿನಾಲ್ಕು ಚುನಾವಣೆಗಳಲ್ಲಿ ಮತಗಟ್ಟೆಯ ಅಧಿಕಾರಿಯಾಗಿದ್ದ. ಹದಿನಾಲ್ಕರಲ್ಲಿ ಒಂದು ಲಕೋಟೆ ಅದಲುಬದಲಾಗಿರಲಿಲ್ಲ, ಒಂದು ಸಹಿ ತಪ್ಪಿರಲಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರು ತಾಲ್ಲೂಕಿನ ಸಿಬ್ಬಂದಿಗೂ ಯಂತ್ರದ ತರಬೇತಿ ಕೊಡುವವನು ಅವನೇ. ಬಸ್‌ನಿಲ್ದಾಣದಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ, ಗುರುತಿಲ್ಲದ ಯಾರೋ ಎದ್ದು ನಿಂತು “ಸರ್, ನಿಮ್ಮ ಟ್ರೈನಿಂಗಲ್ಲಿ ಇದ್ದೆ ನಾನು” ಎನ್ನುವಾಗ ಅವನು ಮುಖವನ್ನು ಆದಷ್ಟು ನಿರ್ಲಿಪ್ತವಾಗಿ ಇಟ್ಟುಕೊಳ್ಳುತ್ತಿದ್ದ. ಮನೆಗೆ ಬಂದ ಮೇಲೆ ಹೆಂಡತಿ ವರದಾಳಿಗೆ ಆ ಮಾತನ್ನು ಹೇಳಿಬಿಡಲು ಊಟ ಮುಗಿಯುವವರೆಗೂ ಕಾಯಲಾಗುತ್ತಿರಲಿಲ್ಲ.

ಈ ಸಲ ಒಂದೇ ಒಂದು ಮುಳ್ಳು. ಹಿಂದಿನ ದಿನ ಸಾಗರದ ಕಾಲೇಜು ಮೈದಾನದಲ್ಲಿ ಯಂತ್ರ ಪಡೆಯಲು ಸಾಲುಗಟ್ಟಿ ನಿಂತಾಗ ತನ್ನ ತಂಡದ ಪಟ್ಟಿಯಲ್ಲಿ ಮೊದಲನೆಯ ಹೆಸರು ಸ್ವಪ್ನಾ, ಸಹಶಿಕ್ಷಕಿ, ಹೊಸನಗರ ಎಂದು ಓದಿಕೊಂಡಿದ್ದ. ಹೆಸರು ಏನನ್ನೂ ನೆನಪಿಸಿರಲಿಲ್ಲ, ಮುಖ ನೆನಪಿಸಿತು. ಹದಿನೈದು ದಿನಗಳ ಹಿಂದೆ ಹೊಸನಗರದ ತರಬೇತಿಯಲ್ಲಿ, ಇನ್ನೂರು ಜನರೆದುರು ವೇದಿಕೆಗೆ ಕರೆದು ಯಂತ್ರ ನಡೆಸಲು ಹೇಳಿದಾಗ, ಈ ಹೆಂಗಸು ಮತದಾನ ಮುಗಿಸುವ ಕ್ಲೋಸ್ ಗುಂಡಿ ಒತ್ತದೆ ನೇರವಾಗಿ ರಿಸಲ್ಟ್ ಒತ್ತಿದ್ದಳು. “ಮೇಡಂ, ಇದು ಮಿಕ್ಸಿ ಅಲ್ಲ, ಸಿಕ್ಕಿದ ಗುಂಡಿ ಒತ್ತಿದ್ರೆ ಚಟ್ನಿ ಬರಲ್ಲ” ಎಂದಿದ್ದ ಅವನು, ಮೈಕಿನಲ್ಲಿ. ಸಭಾಂಗಣ ನಕ್ಕಿತ್ತು. ಆ ನಗೆಯನ್ನು ಅವನು ಆ ದಿನ ತನ್ನ ಬೋಧನೆಗೆ ಸಿಕ್ಕ ಮೆಚ್ಚುಗೆಯೆಂದೇ ಎಣಿಸಿದ್ದ. ಬಸ್ಸಿನಲ್ಲಿ ಹಿನ್ನೀರಿನ ಉದ್ದನೆಯ ಸೇತುವೆ ದಾಟುವಾಗ ಕಿಟಕಿಯಾಚೆ ನೋಡುತ್ತ ಕೂತ ಅವಳ ಕತ್ತಿನ ಹಿಂಭಾಗವನ್ನು ಕಂಡಾಗ ಮಾತ್ರ, ನಕ್ಕವರು ಇನ್ನೂರು ಜನ, ನಗದೆ ನಿಂತವಳು ಒಬ್ಬಳು ಎಂಬ ಸರಳ ವ್ಯವಕಲನ ಹೊಳೆದಿತ್ತು. ಕ್ಷಮಿಸಿ ಎನ್ನಬೇಕೆಂದುಕೊಂಡ. ಅಂದಿರಲಿಲ್ಲ. ಅಧಿಕಾರಿ ಕ್ಷಮೆ ಕೇಳಿ ಕೆಲಸ ಶುರು ಮಾಡಿದರೆ ತಂಡದ ಬಿಗಿ ಸಡಿಲವಾಗುತ್ತದೆ ಎಂದು ತನಗೆ ತಾನೇ ಪಾಠ ಹೇಳಿಕೊಂಡಿದ್ದ.

ಐದೂವರೆಗೆ ಪಕ್ಷಗಳ ಏಜೆಂಟರು ಬಂದರು. ನಿಜವಾದ ಮತದಾನಕ್ಕೆ ಮುಂಚೆ ಅವರ ಕಣ್ಣೆದುರೇ ಐವತ್ತು ಅಣಕು ಮತ ಹಾಕಿ, ಯಂತ್ರ ಸರಿಯಾಗಿ ಲೆಕ್ಕ ಹಿಡಿಯುತ್ತದೆಂದು ತೋರಿಸಿ, ಆಮೇಲೆ ಅವನ್ನೆಲ್ಲ ಅಳಿಸಿ ಸೊನ್ನೆ ಮಾಡಿ, ಮೊಹರು ಹಾಕಬೇಕೆಂಬುದು ನಿಯಮ. ಮೊದಲು ಬಂದವಳು ಬಂಗಾರಮ್ಮ, ಊರಿನ ಹಾಲಿನ ಡೈರಿಯ ಕಾರ್ಯದರ್ಶಿ. ಹಿಂದಿನಿಂದ ಮಫ್ಲರ್ ಸುತ್ತಿಕೊಂಡು ಎದುರು ಪಕ್ಷದ ಜಟ್ಟಿಂಗಪ್ಪ. ಇಬ್ಬರೂ ಒಂದೇ ಬೆಂಚಿನ ಎರಡು ತುದಿಗೆ ಕೂತರು. ಐದು ಜನ ಅಭ್ಯರ್ಥಿಗಳಿಗೂ ಸರತಿಯಂತೆ ಮತ ಒತ್ತಬೇಕೆಂದು ಯೋಗರಾಜ ಹೇಳಿದ ಕೂಡಲೇ ಜಟ್ಟಿಂಗಪ್ಪ ಕೈ ಹಿಂದೆ ಕಟ್ಟಿಕೊಂಡ.

“ಆ ಎರಡನೇ ಗುಂಡಿ ನಾನು ಮುಟ್ಟಲ್ಲ ಸಾರ್. ಸುಳ್ಳಿಗೂ ಮುಟ್ಟಲ್ಲ.”

“ಇದು ಅಣಕು ಮತದಾನ ಮಾರಾಯ್ರೆ, ಲೆಕ್ಕಕ್ಕಿಲ್ಲ.”

“ಲೆಕ್ಕಕ್ಕಿರ್ಲಿ ಬಿಡ್ಲಿ, ನಲವತ್ತು ವರ್ಷದಿಂದ ಮುಟ್ದೋನಲ್ಲ. ಇವತ್ತು ಬೆಳಬೆಳಿಗ್ಗೆ ಕೈ ಮೈಲಿಗೆ ಮಾಡ್ಕಳ್ಲಾ?”

“ಸರೀರಿ ಅತ್ಲಾಗೆ,” ಎಂದಳು ಬಂಗಾರಮ್ಮ, ಸೆರಗು ಸೊಂಟಕ್ಕೆ ಸಿಕ್ಕಿಸಿ. “ಎರಡನೇದೂ ನಾನೇ ಒತ್ತೀನಿ, ನಿಮ್ಮದೂ ನಾನೇ ಒತ್ತೀನಿ. ನನ್ನ ಬೆರಳೇನು ಸವೆಯಲ್ಲ. ಕೈ ಮೈಲಿಗೆಯಂತೆ! ಡೈರೀಲಿ ನಾ ಕೊಟ್ಟ ಬೋನಸ್ಸು ಎಣಿಸ್ವಾಗ ಮೈಲಿಗೆ ಆಗ್ಲಿಲ್ವಾ?”

ಯೋಗರಾಜ ನಕ್ಕ. ಹೀಗೆ ಎರಡೂ ಕಡೆಯವರು ತನ್ನ ಮೇಜಿನೆದುರು ಜಗಳವಾಡುತ್ತ ತನ್ನನ್ನೇ ನ್ಯಾಯಾಧೀಶನೆಂದು ನೋಡುವ ಹೊತ್ತು ಅವನಿಗೆ ಪ್ರಿಯವಾದದ್ದು. ಐವತ್ತು ಮತ ಮುಗಿಯುವಷ್ಟರಲ್ಲಿ ಆರೂಕಾಲಾಗಿತ್ತು. ಟೋಟಲ್ ಗುಂಡಿ ಒತ್ತಿ ಐವತ್ತು ಎಂಬ ಅಂಕಿಯನ್ನು ಇಬ್ಬರಿಗೂ ತೋರಿಸಿದ. ಯಂತ್ರದ ಪಕ್ಕದ ಕಾಗದದ ಪೆಟ್ಟಿಗೆಯೊಳಗೆ ಮತಕ್ಕೊಂದರಂತೆ ಮುದ್ರಿತವಾಗಿ ಬಿದ್ದಿದ್ದ ಐವತ್ತು ಚೀಟಿಗಳನ್ನು ತೆಗೆದು, ಒಬ್ಬೊಬ್ಬ ಅಭ್ಯರ್ಥಿಗೆ ಹತ್ತರಂತೆ ವಿಂಗಡಿಸಿ, ಹಿಂದೆ ಅಣಕು ಎಂಬ ಮುದ್ರೆಯೊತ್ತಿ, ಕಪ್ಪು ಲಕೋಟೆಗೆ ಹಾಕುತ್ತ ಹಾಕುತ್ತ, ಕೇಳುವ ಕಿವಿಗಳಿದ್ದ ಕಾರಣ, ತನ್ನ ಎಂದಿನ ಪಾಠವನ್ನು ಶುರು ಮಾಡಿದ. “ಇನ್ನು ಮೂರು ಗುಂಡಿ ಉಂಟು ನೋಡಿ. ಕ್ಲೋಸ್, ರಿಸಲ್ಟ್, ಕ್ಲಿಯರ್. ಇಡೀ ಎಲೆಕ್ಷನ್ನಿನ ಪ್ರಾಣ ಈ ಮೂರು ಗುಂಡಿಯಲ್ಲಿದೆ. ಕ್ಲಿಯರ್ ಮಾಡೋದು ಮರೆತವರ ಕಥೆ ಕೇಳ್ಬೇಕು ನೀವು. ಮೊನ್ನೆ ಒಂದು ಟ್ರೈನಿಂಗಲ್ಲಿ ಒಬ್ಬರು ಮೇಡಮ್ಮು…” ಮಾತು ಅಲ್ಲಿಗೆ ಬಂದದ್ದು ನಾಲಗೆಯ ಅಭ್ಯಾಸದಿಂದ. ಮತದಾರರ ಪಟ್ಟಿಯ ಮೇಲೆ ಸ್ಕೇಲು ಇಟ್ಟುಕೊಂಡು ಕೂತಿದ್ದ ಸ್ವಪ್ನಾ ತಲೆ ಎತ್ತಲಿಲ್ಲ. ಸ್ಕೇಲನ್ನು ಮಾತ್ರ ಒಂದು ಗೆರೆ ಕೆಳಗೆ ಸರಿಸಿದಳು. ಅವನಿಗೆ ಕಿವಿ ಬಿಸಿಯಾಯಿತು. ಕಥೆಯನ್ನು ಅರ್ಧಕ್ಕೇ ನುಂಗಿ, ಗಡಿಯಾರ ನೋಡಿ, “ಹೊತ್ತಾಯ್ತು, ಸೀಲ್ ಮಾಡೋಣ” ಎಂದ. ಹಸಿರು ಕಾಗದದ ಮೊಹರು, ದಾರ, ಅರಗು. ಉರಿವ ಮೇಣದಬತ್ತಿಯ ಮೇಲೆ ಅರಗು ಕರಗುವ ವಾಸನೆ ಕೋಣೆ ತುಂಬಿತು. ಏಜೆಂಟರು ತೋರಿಸಿದಲ್ಲಿ ಸಹಿ ಹಾಕಿದರು. ಏಳಕ್ಕೆ ಸರಿಯಾಗಿ ಮೊದಲ ಮತದಾರ ಒಳಬಂದ.

ಒಂಬತ್ತರವರೆಗಿನ ಎರಡು ಗಂಟೆ ಅವನು ಸುಖವಾಗಿದ್ದ. ಸಾಲು ಹಗ್ಗ ಹಿಡಿದಂತೆ ನಡೆದಿತ್ತು. ಸ್ವಪ್ನಾ ಪಟ್ಟಿ ನೋಡಿ ಹೆಸರು ಕೂಗುವಳು, ಹೆಸರಿಗೆ ಗೆರೆ ಎಳೆಯುವಳು. ಪಕ್ಕದವರು ರಿಜಿಸ್ಟರಿನಲ್ಲಿ ಸಹಿ ಪಡೆದು ಬೆರಳಿಗೆ ಶಾಯಿ ಹಚ್ಚುವರು. ರಟ್ಟಿನ ಮರೆಯ ಹಿಂದಿನಿಂದ ಉದ್ದನೆಯ ಪೀಂ ಸದ್ದು. ಆ ಸದ್ದು ಬಂದಾಗಲೆಲ್ಲ, ಕಣ್ಣು ಕಾಣದ ಒಬ್ಬ ಮುದುಕಿ, ಬಾಣಂತಿ, ಹೊಲಕ್ಕೆ ಹೊರಟು ಕತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡೇ ಬಂದು ಬಾಗಿಲಲ್ಲಿ ಪೊಲೀಸಿನವರಿಗೆ ಅದನ್ನು ಒಪ್ಪಿಸಿ ಒಳಬಂದ ಗಂಡಸು, ಇವರೆಲ್ಲರ ಮನಸ್ಸಿನೊಳಗಿನ ಗುಟ್ಟು ತನ್ನ ಮೇಜಿನ ಮೇಲಿನ ಪುಟ್ಟ ಪೆಟ್ಟಿಗೆಗೆ ಬಂದು ಸೇರುತ್ತಿದೆ ಎಂಬ ಭಾವನೆ. ಗಣಿತ ಹೇಳುವವನಿಗೆ ಇಷ್ಟು ಪವಿತ್ರವೆನ್ನಿಸುವ ಎಣಿಕೆ ಬೇರೊಂದಿಲ್ಲ. ಒಂಬತ್ತಕ್ಕೆ ಮೊದಲ ವರದಿ ಕಳಿಸಬೇಕಿತ್ತು. ಮೊದಲ ನೂಕು ಮುಗಿದು ಬಾಗಿಲಲ್ಲಿ ಯಾರೂ ಇರಲಿಲ್ಲ. “ಎಷ್ಟಾಯ್ತು ಮೇಡಂ?” ಎಂದ. “ನೂರಾ ಹನ್ನೊಂದು,” ಎಂದಳು ಸ್ವಪ್ನಾ. ರಿಜಿಸ್ಟರಿನಲ್ಲೂ ಕೊನೆಯ ಕ್ರಮಸಂಖ್ಯೆ ನೂರಾ ಹನ್ನೊಂದು. ಅವನು ಟೋಟಲ್ ಗುಂಡಿ ಒತ್ತಿದ. ಯಂತ್ರ ನೂರಾ ಅರವತ್ತೊಂದು ಎಂದಿತು.

ಮತ್ತೊಮ್ಮೆ ಒತ್ತಿದ. ನೂರಾ ಅರವತ್ತೊಂದು. ಅಂಕಿಗಳು ಕೆಂಪಾಗಿ ಹೊತ್ತಿಕೊಂಡು ಆರಿದವು. ಮೊದಲು ಬಂದದ್ದು ಸಿಟ್ಟು, ಯಂತ್ರದ ಮೇಲೆ. ಆಮೇಲೆ ಸ್ವಪ್ನಾಳ ಮೇಲೆ, ಐವತ್ತು ಜನರ ಹೆಸರು ಬಿಟ್ಟಿದ್ದಾಳೆಂದು. ಆಮೇಲೆ, ಬಹಳ ನಿಧಾನವಾಗಿ, ತೋಟದ ಕಟ್ಟೆ ಒಡೆಯುವ ಮೊದಲು ನೀರು ಒಸರುವ ಹಾಗೆ, ಬೆಳಗಿನ ಒಂದೊಂದೇ ಚಲನೆ ನೆನಪಾಯಿತು. ಚೀಟಿ ತೆಗೆದದ್ದು ಹೌದು. ಮುದ್ರೆ ಒತ್ತಿದ್ದು ಹೌದು. ಕ್ಲೋಸ್, ರಿಸಲ್ಟ್, ಕ್ಲಿಯರ್ ಎಂದದ್ದು ಹೌದು, ಗಟ್ಟಿಯಾಗಿಯೇ ಅಂದಿದ್ದ. ಒತ್ತಿದ್ದು? ಬಾಯಿ ಹೇಳಿದ್ದನ್ನು ಬೆರಳು ಮಾಡಿದೆಯೆಂದು ಮನಸ್ಸು ನಂಬಿಬಿಟ್ಟಿತ್ತು. ಇನ್ನೂರು ಜನರಿಗೆ, ಮೂರು ತಾಲ್ಲೂಕಿಗೆ ತಾನು ಕಲಿಸಿದ ಆ ಮೂರು ಗುಂಡಿಗಳು ಈಗ ಹಸಿರು ಮೊಹರಿನ ಅಡಿಯಲ್ಲಿ, ಯಾರೂ ಮುಟ್ಟದ ಹಾಗೆ, ತನ್ನದೇ ಸಹಿಯ ಕೆಳಗೆ ಮುಚ್ಚಿಕೊಂಡು ಕೂತಿದ್ದವು. ಬೆನ್ನಿನ ಬೆವರಿಗೆ ಇಸ್ತ್ರಿ ಅಂಗಿ ಅಂಟಿಕೊಂಡಿತು.

“ಸರ್,” ಎಂದಳು ಸ್ವಪ್ನಾ ಅವನಿಗಷ್ಟೇ ಕೇಳುವಂತೆ. “ಐವತ್ತು.”

“ಏನು ಐವತ್ತು?”

“ಬೆಳಿಗ್ಗೆ ಹಾಕಿದ್ದು. ಅಳಿಸಿಲ್ಲ.” ಅವಳು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದಳು. “ನನಗೆ ಆಗ್ಲೇ ಡೌಟ್ ಬಂತು ಸರ್. ನೀವು ಕ್ಲಿಯರ್ ಒತ್ತಿದ್ದು ನಾನು ನೋಡ್ಲಿಲ್ಲ. ಕೇಳೋಣ ಅಂತ ಬಾಯಿಗೆ ಬಂತು.”

“ಮತ್ತೆ ಕೇಳಬಹುದಿತ್ತಲ್ಲ!”

ಅವಳು ಮೊದಲ ಸಲ ಅವನನ್ನು ನೇರವಾಗಿ ನೋಡಿದಳು. “ಮಿಕ್ಸಿ ಅಂತೀರಿ ಅಂದ್ಕಂಡೆ,” ಎಂದಳು.

ಆ ಮಾತಿನಲ್ಲಿ ಕೊಂಕಿರಲಿಲ್ಲ, ಆದ್ದರಿಂದಲೇ ಅದು ಒಳಗಿಳಿಯಿತು. ತನ್ನನ್ನು ಕಾಪಾಡಬಹುದಾಗಿದ್ದ ಒಂದೇ ಒಂದು ದನಿಯನ್ನು ತಾನೇ ಹದಿನೈದು ದಿನ ಮೊದಲು ಮೈಕಿನಲ್ಲಿ ಅಡಗಿಸಿ ಬಂದಿದ್ದೆನೆಂದು ಅವನು ತಿಳಿದ. ಬೆಂಚಿನಿಂದ ಜಟ್ಟಿಂಗಪ್ಪ ಕತ್ತು ಚಾಚಿದ. “ಎಂಥ ಆಯ್ತು ಸಾರ್? ಮಿಷನ್ ಕೆಟ್ಟೋಯ್ತಾ?” ಮುಚ್ಚಿಡುವಷ್ಟು ಹೊತ್ತೂ ಇರಲಿಲ್ಲ, ಯೋಗರಾಜ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ತನ್ನ ದನಿ ಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕಿಬಿದ್ದ ಹುಡುಗರ ದನಿಯಂತಿರುವುದು ಅವನಿಗೇ ಕೇಳಿಸಿತು.

ಬಂಗಾರಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. “ಅಯ್ಯೋ ದೇವ್ರೇ. ನಾನೇ ಒತ್ತಿದ್ದಲ್ಲ ಎಲ್ಲ.”

“ಅಳ್ಸಿ ಬಿಡಿ ಈಗ,” ಎಂದ ಜಟ್ಟಿಂಗಪ್ಪ. “ಯಾರಿದಾರೆ ಇಲ್ಲಿ ನೋಡೋರು.”

“ಈಗ ಅಳಿಸಿದ್ರೆ ಬೆಳಗಿಂದ ಬಂದ ನೂರಾ ಹನ್ನೊಂದು ಜನರ ಮತಾನೂ ಹೋಗುತ್ತೆ.”

“ಬಂದೋರನ್ನ ವಾಪಸ್ ಕರ್ಸಿದ್ರಾತು. ಎಲ್ಲಿಗೋಗ್ತಾರೆ? ಗದ್ದೇಲಿ ಇರ್ತಾರೆ.”

“ಬೆರಳಿನ ಶಾಯಿ ನೀವು ನೆಕ್ಕಿ ತೆಗೀತೀರಾ?” ಎಂದು ಬಂಗಾರಮ್ಮ ಅವನ ಬಾಯಿ ಮುಚ್ಚಿಸಿದಳು. ಆಮೇಲೆ ಅವಳ ಮುಖದ ಮೇಲೆ ಡೈರಿಯ ಕಾರ್ಯದರ್ಶಿಯ ಆಲೋಚನೆ ಮೂಡಿತು. ಬೆಂಚಿನ ತನ್ನ ತುದಿಯಿಂದ ನಡುವಿಗೆ ಸರಿದಳು. “ಸಾರ್, ಒಂದು ಮಾತು. ಈ ಪಟ್ಟೀಲಿ ಇದ್ದೂ ಊರಲ್ಲಿಲ್ದೋರು ಏನಿಲ್ಲ ಅಂದ್ರೂ ಎಂಬತ್ತು ಜನ. ಸಂಜೆ ತಂಕ ಕಾದ್ರೂ ಬರೋರಲ್ಲ. ಅದ್ರಲ್ಲಿ ಐವತ್ತು ಹೆಸ್ರು ನಾವು ಹೇಳ್ತೀವಿ. ಇಪ್ಪತ್ತೈದು ನಂದು, ಇಪ್ಪತ್ತೈದು ಜಟ್ಟಿಂಗಪ್ಪಣ್ಣಂದು. ಬುಕ್ಕಲ್ಲಿ ಹೆಬ್ಬೆಟ್ಟು ಬೀಳ್ತು ಅಂದ್ರೆ ಲೆಕ್ಕ ಸರಿಹೋಯ್ತು. ಐದೂ ಜನಕ್ಕೆ ಹತ್ತತ್ತು ಬಿದ್ದಿದೆ, ಯಾರಿಗೂ ಲಾಭ ಇಲ್ಲ ಲುಕ್ಸಾನಿಲ್ಲ.”

“ಒಪ್ಪಿದೆ,” ಎಂದ ಜಟ್ಟಿಂಗಪ್ಪ ತಕ್ಷಣ. ಒಪ್ಪಿದೆನಲ್ಲ ಎಂದು ತಾನೇ ಬೆಚ್ಚಿದವನಂತೆ ಮಫ್ಲರ್ ಸರಿಮಾಡಿಕೊಂಡ. “ನಮ್ಮ ಬೂತಿಗೆ ಇವತ್ತಿನ ತಂಕ ಒಂದು ಕಪ್ಪು ಚುಕ್ಕೆ ಇಲ್ಲ ಸಾರ್. ಮರುಮತದಾನ ಗಿರುಮತದಾನ ಅಂತ ಪೇಪರಲ್ಲಿ ಬಂದ್ರೆ ಊರ ಮಾನ ಹೋಗುತ್ತೆ. ನೀವೂ ಪಾಪ, ಒಳ್ಳೇ ಮೇಷ್ಟ್ರು. ಈ ವಯಸ್ಸಲ್ಲಿ ಸಸ್ಪೆಂಡು ಅದೂ ಇದೂ ಯಾಕೆ.”

ಐವತ್ತು ಗೆರೆ, ಐವತ್ತು ಹೆಬ್ಬೆಟ್ಟು. ಎಷ್ಟು ಸುಲಭವಾಗಿತ್ತು ಅದು, ಎಷ್ಟು ಸಮನಾಗಿತ್ತು! ಎರಡೂ ಬದಿ ಸರಿದೂಗುವ ಸಮೀಕರಣ. ಸಂಜೆ ತೀರ್ಥಹಳ್ಳಿಯ ಬಸ್ಸು ಹತ್ತಿ, ಮನೆಯಲ್ಲಿ ಬಿಸಿನೀರು ಮಿಂದು, ವರದಾಳಿಗೆ “ಹದಿನೈದನೇದೂ ಸರಿಯಾಗಿ ಮುಗೀತು” ಎನ್ನಬಹುದು. ಒಂದು ಕ್ಷಣ, ಒಂದೇ ಕ್ಷಣವಲ್ಲ, ಹೊರಗೆ ಯಾರದೋ ಬೈಕು ಬಂದು ನಿಂತು ಅದರ ಸದ್ದು ಆರುವಷ್ಟು ಹೊತ್ತು, ಅವನು ಒಪ್ಪಿಕೊಂಡಿದ್ದ. ಅವನನ್ನು ತಡೆದದ್ದು ಧರ್ಮವಲ್ಲ, ಕಾನೂನಿನ ಭಯವೂ ಅಲ್ಲ. ಜಟ್ಟಿಂಗಪ್ಪನ ಬಾಯಿಂದ ಬಂದ ‘ಪಾಪ’ ಎಂಬ ಒಂದು ಶಬ್ದ. ಹದಿನಾಲ್ಕು ಚುನಾವಣೆ ನಡೆಸಿದವನು ಎರಡು ಪಕ್ಷಗಳ ಏಜೆಂಟರ ಕನಿಕರದಿಂದ ಹದಿನೈದನೆಯದನ್ನು ದಾಟುವುದೇ! ಆ ಶಬ್ದ ಅವನೊಳಗಿನ ಯಾವುದೋ ಗಟ್ಟಿ ಜಾಗಕ್ಕೆ ತಾಗಿ ಸದ್ದು ಮಾಡಿತು. ಅಷ್ಟರಲ್ಲಿ ಸ್ವಪ್ನಾ ಪಟ್ಟಿಯನ್ನು ಅವನತ್ತ ತಿರುಗಿಸಿ, ಸ್ಕೇಲನ್ನು ಅದರ ಮೇಲಿಟ್ಟಳು.

“ಗೆರೆ ಎಳೆಯೋಳು ನಾನು ಸರ್. ಬರದೋರ ಹೆಸರಿಗೆ ಎಳಿ ಅಂತ ನೀವು ಹೇಳಿ. ಟ್ರೈನಿಂಗಲ್ಲಿ ಹೇಳ್ತೀರಲ್ಲ, ಹಾಗೆ ಗಟ್ಟಿಯಾಗಿ ಹೇಳಿ. ಆಮೇಲೆ ನೋಡೋಣ.”

ಅವನು ಮೊಬೈಲು ತೆಗೆದುಕೊಂಡು ಹೊರಗೆ ಹೋದ.

ಆ ಶಾಲೆಯಲ್ಲಿ ಸಿಗ್ನಲ್ ಸಿಗುವುದು ಧ್ವಜಸ್ತಂಭದ ಕಟ್ಟೆಯ ಮೇಲೆ ನಿಂತರೆ ಮಾತ್ರ. ಮೂರು ಮೆಟ್ಟಿಲ ಆ ಕಟ್ಟೆಯ ಮೇಲೆ, ಮತ ಹಾಕಿ ಬಂದು ಅಂಗಳದಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತ ಕೂತವರೆಲ್ಲರಿಗೂ ಕಾಣುವಂತೆ, ಭಾಷಣಕ್ಕೆ ನಿಂತವನ ಹಾಗೆ ನಿಂತು, ಅವನು ಸೆಕ್ಟರ್ ಅಧಿಕಾರಿ ಹರಿಪ್ರಸಾದರಿಗೆ ತನ್ನ ತಪ್ಪನ್ನು ಒಪ್ಪಿಸಿದ. ಹರಿಪ್ರಸಾದ್ ಸಾಗರದಲ್ಲಿ ಇಂಜಿನಿಯರು, ಹನ್ನೆರಡು ಮತಗಟ್ಟೆಗಳ ಹೊಣೆ ಹೊತ್ತವರು, ಯೋಗರಾಜನ ತರಬೇತಿಯಲ್ಲಿ ಮುಂದಿನ ಸಾಲಿನಲ್ಲಿ ಕೂತು ಟಿಪ್ಪಣಿ ಬರೆದುಕೊಂಡವರು.

“ಮೇಷ್ಟ್ರೇ, ನೀವಾ?” ಎಂದರು ಅವರು. “ಬೇರೆ ಯಾರಾದ್ರೂ ಹೇಳಿದ್ರೆ ನಂಬ್ತಿದ್ದೆ. ಲೈನಲ್ಲಿರಿ… ಬೇಡ, ಇಟ್ಟುಬಿಡಿ. ಮೇಲಿನವರನ್ನ ಕೇಳಿ ಫೋನ್ ಮಾಡ್ತೆ.”

ಇಪ್ಪತ್ತು ನಿಮಿಷ ಅವನು ಒಳಗೂ ಹೊರಗೂ ನಡೆದ. ಫೋನು ಬಂತು. ಮತದಾನ ನಿಲ್ಲಿಸಬೇಕಿಲ್ಲ. ಅಣಕು ಚೀಟಿಗಳನ್ನು ಬೆಳಿಗ್ಗೆಯೇ ತೆಗೆದು ಬೇರೆ ಇಟ್ಟಿರುವುದರಿಂದ ಕಾಗದದ ಪೆಟ್ಟಿಗೆಯಲ್ಲಿ ಇರುವುದು ನಿಜವಾದ ಮತಗಳು ಮಾತ್ರ. ಎಣಿಕೆಯ ದಿನ ಈ ಮತಗಟ್ಟೆಯ ಚೀಟಿಗಳನ್ನು ಕೈಯಲ್ಲಿ ಎಣಿಸುತ್ತಾರೆ. ಮತಗಳು ಉಳಿದವು. ಅಧಿಕಾರಿಯ ದಿನಚರಿಯಲ್ಲಿ ನಡೆದದ್ದನ್ನು ಬರೆದು ಸಹಿ ಮಾಡಬೇಕು. “ಬರೆಯುವಾಗ ಸ್ವಲ್ಪ ನೋಡ್ಕಂಡು ಬರೀರಿ,” ಎಂದು ಹರಿಪ್ರಸಾದ್ ದನಿ ತಗ್ಗಿಸಿದರು. “ಕ್ಲಿಯರ್ ಒತ್ತಿದ್ದೆ, ಯಂತ್ರದ ತಾಂತ್ರಿಕ ದೋಷದಿಂದ ಅಳಿಸಿಲ್ಲ ಅಂತ ಒಂದು ಸಾಲು. ಮುಗೀತು. ಯಂತ್ರ ಎಂತ ಎದುರು ಮಾತಾಡ್ತಾ? ನಿಮ್ಮ ಸರ್ವಿಸ್ಸಿಗೆ ತೊಂದರೆ ಆಗ್ಬಾರದು, ಅಷ್ಟೇ.”

ಯಂತ್ರ ಎದುರು ಮಾತಾಡುವುದಿಲ್ಲ. ಅಪ್ಪನೂ ಆಡಿರಲಿಲ್ಲ. ಅಪ್ಪ ಕನ್ನಪ್ಪ ತೀರ್ಥಹಳ್ಳಿಯ ಒಂದು ಕಚೇರಿಯಲ್ಲಿ ಜವಾನನಾಗಿದ್ದ. ಕಾಗದದ ಮತಪತ್ರಗಳ ಕಾಲ. ಮೇಗರವಳ್ಳಿಯ ಕಡೆಯ ಒಂದು ಮತಗಟ್ಟೆಗೆ ಸಾಹೇಬರ ಜೊತೆ ಹೋದವನು ಮೂರನೆಯ ದಿನ ತಿರುಗಿ ಬಂದಾಗ ಮುಖ ಸುಟ್ಟ ಹಾಗಿತ್ತು. ಹಿತ್ತಾಳೆಯ ಮೊಹರು ಕಳೆದಿತ್ತು. ಅದನ್ನು ಜೇಬಿಗೆ ಹಾಕಿಕೊಂಡವರು ಸಾಹೇಬರು, ಹಳ್ಳಕ್ಕೆ ಬಗ್ಗಿ ಮುಖ ತೊಳೆಯುವಾಗ ನೀರಿಗೆ ಬೀಳಿಸಿದವರು ಸಾಹೇಬರು. ಕಾಗದದಲ್ಲಿ ಬರೆದದ್ದು ಮಾತ್ರ, ಜವಾನ ಕನ್ನಪ್ಪನ ನಿರ್ಲಕ್ಷ್ಯದಿಂದ. ಅಪ್ಪ ಅದರ ಕೆಳಗೆ ವಕ್ರವಕ್ರವಾಗಿ ಸಹಿ ಹಾಕಿ ಬಂದಿದ್ದ. ಎರಡು ವರ್ಷ ಅವನಿಗೆ ಬಡ್ತಿಯಿಲ್ಲ. ಆ ದೀಪಾವಳಿಗೆ ಸಾಹೇಬರ ಮನೆಯಿಂದ ಒಂದು ಡಬ್ಬ ಮೈಸೂರುಪಾಕು ಬಂತು. ಒಂಬತ್ತು ವರ್ಷದ ಯೋಗರಾಜ ಅದನ್ನು ಬೆರಳು ನೆಕ್ಕುತ್ತ ತಿಂದ. ಅಪ್ಪ ಹೊರಗೆ ಜಗಲಿಯಲ್ಲಿ ಬೀಡಿ ಸೇದುತ್ತ ಕೂತಿದ್ದ, ಒಂದು ಚೂರೂ ಮುಟ್ಟಲಿಲ್ಲ. ಯಾಕೆ ಮುಟ್ಟಲಿಲ್ಲವೆಂದು ತಿಳಿಯುವ ಹೊತ್ತಿಗೆ ಅಪ್ಪ ಇರಲಿಲ್ಲ. ಆಮೇಲೆ ಎಷ್ಟೋ ವರ್ಷ ಯೋಗರಾಜನ ನಾಲಗೆಗೆ ಆ ತುಪ್ಪದ ರುಚಿ ಬಂದಾಗಲೆಲ್ಲ, ಪಾಲಿಗೆ ತಾನೂ ಸೇರಿದ್ದೆನೆಂಬ ಹೇಸಿಗೆ. ಇಸ್ತ್ರಿ ಅಂಗಿ, ಅದಲುಬದಲಾಗದ ಲಕೋಟೆಗಳು, ಒಂದೂ ತಪ್ಪದ ಹದಿನಾಲ್ಕು ಚುನಾವಣೆಗಳು, ಎಲ್ಲವೂ ಆ ಒಂದು ಸಹಿಯ ಎದುರು ತಾನು ನಡೆಸಿಕೊಂಡು ಬಂದ ವಾದವೇನೋ. “ಕೇಳಿಸ್ತಾ ಮೇಷ್ಟ್ರೇ?” ಎನ್ನುತ್ತಿದ್ದರು ಹರಿಪ್ರಸಾದ್.

“ಕೇಳಿಸ್ತು,” ಎಂದ ಯೋಗರಾಜ. “ಯಂತ್ರ ಸರಿಯಾಗಿದೆ ಸರ್. ಒತ್ತಿದ್ದಷ್ಟನ್ನೂ ಎಣಿಸಿದೆ. ಒತ್ತದೇ ಇದ್ದವನು ನಾನು. ಹಾಗೇ ಬರೀತೇನೆ.”

“ನಿಮ್ಮ ಇಷ್ಟ. ನೋಟಿಸು ಬರ್ತು, ನಾ ಹೇಳಲ್ಲೆ ಅನ್ಬೇಡಿ,” ಎಂದರು ಹರಿಪ್ರಸಾದ್. ಬೇಸರ ಬಂದಾಗ ಅವರ ಬಾಯಿಗೆ ಮನೆಮಾತು ಇಣುಕುತ್ತಿತ್ತು.

ಒಳಗೆ ಬಂದು ದಿನಚರಿ ತೆರೆದು ಬರೆದ. ಕಪ್ಪುಹಲಗೆಯ ಮೇಲೆ ಪ್ರಮೇಯ ಬರೆಯುವ ಅದೇ ದುಂಡು ಅಕ್ಷರದಲ್ಲಿ, ಎಲ್ಲೂ ಹೊಡೆದುಹಾಕದೆ. ಅಣಕು ಮತದಾನದ ಐವತ್ತು ಮತಗಳನ್ನು ಅಳಿಸುವ ಕ್ರಮವನ್ನು ಮತಗಟ್ಟೆ ಅಧಿಕಾರಿಯಾದ ನಾನು ಅನುಸರಿಸಲಿಲ್ಲ. ಅನುಸರಿಸಿದ್ದೇನೆಂದು ತಪ್ಪಾಗಿ ಪ್ರಮಾಣೀಕರಿಸಿ ಏಜೆಂಟರ ಸಹಿ ಪಡೆದೆ. ಯಂತ್ರದಲ್ಲಿ ಯಾವ ದೋಷವೂ ಇಲ್ಲ. ತಂಡದ ಇತರರ ಹೊಣೆ ಇದರಲ್ಲಿಲ್ಲ. ಕೊನೆಯ ವಾಕ್ಯವನ್ನು ಸ್ವಪ್ನಾ ಪಕ್ಕದಿಂದ ಓದಿದಳು.

“ನಂಗೆ ಡೌಟ್ ಬಂದಿತ್ತಲ್ಲ ಸರ್. ಅದನ್ನೂ ಬರೀಬೇಕಲ್ಲ ಹಾಗಾದ್ರೆ.”

“ನಿಮ್ಮ ಬಾಯಿ ಮುಚ್ಚಿಸಿದ್ದೂ ನಾನೇ. ಅದನ್ನ ಬರೆಯೋಕೆ ಇದರಲ್ಲಿ ಕಾಲಂ ಇಲ್ಲ ಮೇಡಂ.” ಪೆನ್ನು ಕೆಳಗಿಟ್ಟ. “ಆವತ್ತು ಹೊಸನಗರದಲ್ಲಿ ನಾನು ಹಾಗೆ ಅನ್ನಬಾರದಿತ್ತು.”

“ಅನ್ನಬಾರದಿತ್ತು,” ಎಂದು ಅವಳು ಒಪ್ಪಿದಳು. ಪರವಾಗಿಲ್ಲ ಎನ್ನಲಿಲ್ಲ. ಆ ಪರವಾಗಿಲ್ಲವನ್ನು ಅವಳು ಕೊಡದೇ ಉಳಿಸಿಕೊಂಡದ್ದು ಅವನಿಗೆ ವಿಚಿತ್ರವಾಗಿ ಹಿತವೆನ್ನಿಸಿತು. ಬಾಗಿಲಲ್ಲಿ ಆರೆಂಟು ಹೆಂಗಸರು ಒಟ್ಟಿಗೆ ಬಂದು ನಿಂತಿದ್ದರು. ಅವಳು ಪಟ್ಟಿಯತ್ತ ತಿರುಗಿ ಮುಂದಿನ ಹೆಸರು ಕೂಗಿದಳು.

ಆ ಹಗಲು ಅವನು ಕುರ್ಚಿಯಲ್ಲಿ ಒರಗಲಿಲ್ಲ. ಬೆಳಗಿನ ಸುಖ ಹೋಗಿತ್ತು. ಅದರ ಜಾಗಕ್ಕೆ ಅದಕ್ಕಿಂತ ಒರಟಾದ, ಕೈಯಲ್ಲಿ ಹಿಡಿಯಬಹುದಾದ ಇನ್ನೊಂದು ಬಂದಿತ್ತು. ಪ್ರತಿ ಪೀಂ ಸದ್ದಿಗೂ ಪಟ್ಟಿ, ರಿಜಿಸ್ಟರು, ಯಂತ್ರ ಮೂರನ್ನೂ ನೋಡುತ್ತಿದ್ದ. ಇನ್ನೂರ ನಲವತ್ತು, ಇನ್ನೂರ ತೊಂಬತ್ತು. ಮುನ್ನೂರ ಹತ್ತು, ಮುನ್ನೂರ ಅರವತ್ತು. ವ್ಯತ್ಯಾಸ ಐವತ್ತಕ್ಕಿಂತ ಒಂದು ಹೆಚ್ಚಾಗಲಿಲ್ಲ, ಒಂದು ಕಡಿಮೆಯಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಅಂಗಳಕ್ಕೆ ಹಬ್ಬಿತ್ತು. ಮತ ಹಾಕಿ ಹೊರಟ ಒಬ್ಬಾಕೆ ಬಾಗಿಲಿಂದ ತಿರುಗಿ ಬಂದು, ನೇರ ಅವನ ಮೇಜಿನೆದುರು ನಿಂತು, ಶಾಯಿಯ ಬೆರಳು ಎತ್ತಿ, “ನಂದು ಬಿತ್ತಾ ಮೇಷ್ಟ್ರೇ? ಆ ಐವತ್ತರಲ್ಲಿ ಸೇರಿ ಹೋಗಿಲ್ಲ ತಾನೆ?” ಎಂದು ಕೇಳಿದಳು. ಅಂಥ ಪ್ರಶ್ನೆಯನ್ನು ಹದಿನಾಲ್ಕು ಚುನಾವಣೆಗಳಲ್ಲಿ ಯಾರೂ ಅವನನ್ನು ಕೇಳಿರಲಿಲ್ಲ. ಅವನು ಎದ್ದು ನಿಂತ. “ಬಿತ್ತು ತಾಯಿ. ಚೀಟಿ ಪೆಟ್ಟಿಗೆಗೆ ಬಿದ್ದಿದ್ದು ಗಾಜಿನಲ್ಲಿ ನೀವೇ ನೋಡಿದ್ರಿ. ಅದನ್ನ ಕೈಯಲ್ಲೇ ಎಣಿಸ್ತಾರೆ.” “ನೋಡ್ದೆ,” ಎಂದಳು ಆಕೆ, “ಆದ್ರೂ ನಿಮ್ಮ ಬಾಯಲ್ಲಿ ಕೇಳಣ ಅಂತ.” ಅವಳು ನಂಬಿ ಹೋದಳೋ ಇಲ್ಲವೋ, ಕೇಳಿ ಹೋದಳು. ಇಷ್ಟು ವರ್ಷ ತನ್ನನ್ನು ನಂಬಿದವರ ಮೇಲೆ ಅಧಿಕಾರ ನಡೆಸಿದ್ದ. ಇವತ್ತು ಅನುಮಾನಿಸುವವರಿಗೆ ಉತ್ತರ ಕೊಡುತ್ತಿದ್ದ. ಎರಡನೆಯದು ದೊಡ್ಡ ಹುದ್ದೆಯೆಂದು ಅನ್ನಿಸಿ, ಹಾಗೆ ಅನ್ನಿಸಿದ್ದಕ್ಕೆ ತನ್ನ ಅಹಂಕಾರ ಇನ್ನೂ ಸತ್ತಿಲ್ಲವಲ್ಲ ಎಂದು ಒಳಗೇ ನಗು ಬಂತು.

ಆರು ಗಂಟೆಗೆ ಬಾಗಿಲು ಹಾಕಿದರು. ಪಟ್ಟಿಯಲ್ಲಿ ಆರುನೂರ ಹನ್ನೆರಡು. ಯಂತ್ರದಲ್ಲಿ ಆರುನೂರ ಅರವತ್ತೆರಡು. ಯೋಗರಾಜ ತಾನು ಬರೆದದ್ದನ್ನು ಏಜೆಂಟರಿಗೆ ಓದಿ ಹೇಳಿದ. ಜಟ್ಟಿಂಗಪ್ಪ ಮಫ್ಲರ್ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಕೊನೆಯವರೆಗೂ ಕೇಳಿದ.

“ಹದಿನಾಲ್ಕು ಎಲೆಕ್ಷನ್ ಮಾಡಿದೀನಿ ಅಂತ ಬೆಳಿಗ್ಗೆ ಹೇಳ್ವಾಗ ನಿಮ್ಮ ಮೂಗು ಸೂರಿಗೆ ತಾಗ್ತಿತ್ತು ಸಾರ್,” ಎಂದ. “ನಂಗೆ ಆಗ್ಲೇ ಅನಿಸ್ತು, ಈ ಮನುಷ್ಯ ಎಲ್ಲೋ ಎಡವ್ತಾನೆ ಅಂತ.”

“ಅನಿಸಿದ್ರೆ ಸಹಿ ಯಾಕೆ ಹಾಕಿದ್ರಿ?” ಎಂದಳು ಬಂಗಾರಮ್ಮ. “ನೋಡ್ದೆ ಸಹಿ ಹಾಕೋದು ನಮ್ಮಿಬ್ರಿಗೂ ಅಭ್ಯಾಸ ಆಗಿದೆ. ಮುಂದಿನ ಸಲ ಸೊನ್ನೆ ಕಾಣೋ ತಂಕ ನಾನು ಪೆನ್ನು ಮುಟ್ಟಲ್ಲ. ಎಲ್ಲಿ ಸಾರ್, ಇದಕ್ಕೂ ಸಹಿ ಬೇಕಾ? ಇರಿ, ಮೊದ್ಲು ಓದ್ತೀನಿ.” ಅವಳು ಕಾಗದವನ್ನು ದೀಪದ ಕೆಳಗೆ ಹಿಡಿದು ಪ್ರತಿ ಸಾಲಿಗೂ ಬೆರಳಿಟ್ಟು ಓದಿದಳು. ಜಟ್ಟಿಂಗಪ್ಪ ಅವಳ ಭುಜದ ಮೇಲಿನಿಂದ ಇಣುಕಿ ಓದಿದ. ಬಹಳ ಹೊತ್ತು ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ.

ಮೊಹರು ಹಾಕಲು ಹೊರಟಾಗ ಹರಿಪ್ರಸಾದರ ಜೀಪು ಬಂತು. ದಿನಚರಿಯ ಪುಟವನ್ನು ಓದಿ ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಇನ್ನು ತಿದ್ದೋಕೂ ಜಾಗ ಬಿಟ್ಟಿಲ್ಲ ನೀವು,” ಎಂದರು. ಆಮೇಲೆ ಅವನನ್ನು ಜಗಲಿಗೆ ಕರೆದು, “ಒಂದು ಕೆಲಸ ಮಾಡಿ. ಸಾಗರದಲ್ಲಿ ಯಂತ್ರ ವಾಪಸ್ ತಗಳೋ ಕೌಂಟರಿನಲ್ಲಿ ಕೂತಿರೋರೆಲ್ಲ ನಿಮ್ಮ ಹತ್ರ ಕಲ್ತೋರು. ಮೊದಲನೇದ್ರಲ್ಲೇ ತೃಪ್ತಿ ಮೇಡಂ ಇದಾರೆ, ನಿಮ್ಮ ಹೆಸರು ಹೇಳ್ಕಂಡೇ ಟ್ರೈನರ್ ಆದೋರು. ಈ ಕಾಗದ ಹಿಡ್ಕಂಡು ಆ ಸಾಲಲ್ಲಿ ನೀವು ನಿಲ್ಲೋದು ನೋಡೋಕೆ ನಂಗೇ ಆಗಲ್ಲ. ಪೆಟ್ಟಿಗೆ ನಾನು ಒಪ್ಪಿಸ್ತೇನೆ. ನೀವು ಹುಷಾರಿಲ್ಲ ಅಂತ ಬರೆದು, ಜೀಪಲ್ಲಿ ಬಂದು ತೀರ್ಥಹಳ್ಳಿ ಬಸ್ಸು ಹತ್ತಿ.”

ಅದು ಕರುಣೆಯೇ, ಅದರಲ್ಲಿ ಕಪಟವಿರಲಿಲ್ಲ. ಯೋಗರಾಜ ಕಣ್ಣು ಮುಚ್ಚಿ ಆ ಸಾಲನ್ನು ನೋಡಿದ. ಟ್ಯೂಬ್‌ಲೈಟುಗಳ ಕೆಳಗೆ ಉದ್ದನೆಯ ಮೇಜುಗಳು, ಎದ್ದು ನಿಲ್ಲುವ ತೃಪ್ತಿ, ಮೊದಲು ನಗುವ ಮುಖ, ಆಮೇಲೆ ಓದುವ ಮುಖ, ಆಮೇಲೆ ಪಕ್ಕದ ಮೇಜಿನವರಿಗೆ ತಿರುಗುವ ಮುಖ. ಬೆಳಗಾಗುವುದರೊಳಗೆ ಮೂರು ತಾಲ್ಲೂಕು.

“ಬೇಡ ಸರ್,” ಎಂದ. “ನನ್ನ ಸಹಿ ಇರೋ ಪೆಟ್ಟಿಗೆ. ನಾನೇ ಕೊಡಬೇಕು.”

ಕೋಣೆಗೆ ಬಂದು ಅವನು ಕಟ್ಟತೊಡಗಿದ. ಉಳಿದ ಶಾಯಿಯ ಸೀಸೆಯ ಬಾಯಿ ಬಿಗಿದ, ರಟ್ಟಿನ ಮರೆಯನ್ನು ಮಡಿಸಿದ, ಲಕೋಟೆಗಳನ್ನು ಬಣ್ಣದ ಪ್ರಕಾರ ಜೋಡಿಸಿ ಚೀಲಕ್ಕಿಳಿಸಿದ; ದಿನಚರಿಯನ್ನು ಮಾತ್ರ ಮೇಲೆ, ಕೈಗೆ ಮೊದಲು ಸಿಗುವ ಹಾಗೆ ಇಟ್ಟ. ಬೆಂಚುಗಳನ್ನು ಐದನೆಯ ತರಗತಿಯವರಿಗೆ ನಾಳೆ ಬೇಕಾದ ಹಾಗೆ ಎಳೆದು ಸಾಲಾಗಿಸಿದ. ದಾರಿಯಲ್ಲಿ ಇನ್ನಷ್ಟು ಮತಗಟ್ಟೆಯವರನ್ನು ಹತ್ತಿಸಿಕೊಳ್ಳಬೇಕಿದ್ದ ಬಸ್ಸು ಅಂಗಳದಲ್ಲಿ ಹಾರ್ನ್ ಹೊಡೆಯುತ್ತಿತ್ತು. ಹಾಸಿಗೆ ಸುತ್ತಿದ ತನ್ನ ಹೋಲ್ಡಾಲನ್ನು ಹೆಗಲಿಗೆ ಸಿಕ್ಕಿಸಿ, ಯಂತ್ರದ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಕಾಗದದ ಪೆಟ್ಟಿಗೆಯನ್ನು ಸ್ವಪ್ನಾ ಎತ್ತಿಕೊಂಡಿದ್ದಳು.

ಬಸ್ಸಿನ ಮೆಟ್ಟಿಲಲ್ಲಿ ಅವಳು ನಿಂತಳು. “ಸರ್, ಹಿಂದಿನ ಸೀಟು ಖಾಲಿ ಇದೆ. ಅಲ್ಲಿ ಕೂತ್ರೆ ಇಳಿಯೋದು ಕೊನೇಲಿ. ಅಷ್ಟರಲ್ಲಿ ಕೌಂಟರು ಖಾಲಿ ಆಗಿರುತ್ತೆ.”

“ನೀವು ಕೂರ್ತೀರಾ ಹಿಂದೆ?”

“ನಾನ್ಯಾಕೆ ಕೂರ್ಲಿ,” ಎಂದು ಅವಳು ಡ್ರೈವರನ ಹಿಂದಿನ ಸೀಟಿನಲ್ಲಿ ಕಿಟಕಿಯ ಪಕ್ಕ ಕೂತು, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಯೋಗರಾಜ ಅವಳ ಪಕ್ಕದಲ್ಲಿ, ಬಾಗಿಲಿಗೆ ಎಲ್ಲರಿಗಿಂತ ಹತ್ತಿರದ ಜಾಗದಲ್ಲಿ, ಬೆನ್ನು ನೇರ ಮಾಡಿಕೊಂಡು ಕೂತ. “ಹೋಗೋಣ,” ಎಂದ ಡ್ರೈವರಿಗೆ. ಬಸ್ಸು ಸಾಗರದ ಕಡೆಗೆ ಹೊರಟಿತು.